ಜಪಾನ್ ಗಾಡಿ ಕೈಕೊಡಲ್ಲ ಅನ್ನುವವರಿಗೆ: ಮೆಕ್ಯಾನಿಕ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಈ ಭಾನುವಾರದ ವಿಷಯ ಜಪಾನ್ ಕಂಪನಿಗಳ ಕಾರು. ಮಾರುತಿ ಸುಜುಕಿ, ಟೊಯೊಟಾ, ಹೋಂಡಾ, ನಿಸ್ಸಾನ್ ಇಟ್ಟುಕೊಂಡಿರುವವರು ಕೇಳಬಹುದು. ಉತ್ತರ ಕೊಡುವವರು ದಾವಣಗೆರೆ ಪಿ.ಬಿ. ರಸ್ತೆಯಲ್ಲಿ ಗ್ಯಾರೇಜ್ ಇಟ್ಟಿರುವ ನಮ್ಮ ಮೆಕ್ಯಾನಿಕ್ ಅಣ್ಣ. ಮಾಡೆಲ್, ವರ್ಷ, ಎಷ್ಟು ಕಿಲೋಮೀಟರ್ ಓಡಿದೆ, ಮೂರನ್ನೂ ಬರೆಯಿರಿ. ದಯವಿಟ್ಟು ಫಾರ್ವರ್ಡ್ ಮೆಸೇಜ್ ಹಾಕಬೇಡಿ.

ಹರಿಹರ ಸ್ವಿಫ್ಟ್: ಅಣ್ಣ, 2014ರ ಸ್ವಿಫ್ಟ್ ಡೀಸೆಲ್, ಒಂದು ಲಕ್ಷದ ಎಂಬತ್ತು ಸಾವಿರ ಓಡಿದೆ. ಇಂಜಿನ್‌ಗೆ ಕೈ ಹಾಕಿಸಿಲ್ಲ. ಆಯಿಲ್ ಬದಲಾಯಿಸುವುದು ಆಗಾಗ ತಡ ಆಗಿದೆ. ಈಗ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಒಂದೆರಡು ಸೆಕೆಂಡ್ ಸರಪಳಿ ಎಳೆದ ಹಾಗೆ ಸದ್ದು ಬರುತ್ತದೆ. ಜಪಾನ್ ಇಂಜಿನ್ ಅಲ್ವಾ, ಇನ್ನೊಂದು ಲಕ್ಷ ಓಡುತ್ತಾ?

ಮೆಕ್ಯಾನಿಕ್: ಗಾಡಿ ಸುಜುಕಿ. ಆದರೆ ಆ 1.3 ಡೀಸೆಲ್ ಇಂಜಿನ್ ಫಿಯೆಟ್‌ನವರದು, ಇಟಲಿಯದು. ಒಳ್ಳೆಯ ಇಂಜಿನ್ನೇ. ಅದರೊಳಗೆ ಪಿಸ್ಟನ್ ಓಟಕ್ಕೆ ತಕ್ಕ ಹಾಗೆ ವಾಲ್ವ್ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಇದೆ. ಚೈನ್ ಬಿಗಿ ಹಿಡಿಯುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಆಯಿಲ್ ತಡ ಮಾಡಿದಷ್ಟೂ ಚೈನ್ ಸವೆದು ಸಡಿಲ ಆಗುತ್ತದೆ. ನೀವು ಕೇಳುತ್ತಿರುವುದು ಆ ಸದ್ದೇ ಇರಬೇಕು. ಈ ವಾರವೇ ಕವರ್ ತೆಗೆಸಿ ನೋಡಿಸಿ. ಚೈನ್ ಹಲ್ಲು ತಪ್ಪಿದರೆ ರಾಕರ್, ವಾಲ್ವ್ ಎಲ್ಲಾ ಹೋಗುತ್ತದೆ.

ಎಂಸಿಸಿ ಬಿ ಬ್ಲಾಕ್: ಆಲ್ಟೊಗೆ ಇಂಜಿನ್ ಆಯಿಲ್ ಎಷ್ಟು ಕಿಲೋಮೀಟರ್‌ಗೆ ಸರ್?

ಮೆಕ್ಯಾನಿಕ್: ಮ್ಯಾನ್ಯುಯಲ್‌ನಲ್ಲಿ ಬರೆದಿರುವಷ್ಟಕ್ಕೆ. ಗಾಡಿ ಓಡದೇ ನಿಂತಿದ್ದರೂ ವರ್ಷಕ್ಕೊಮ್ಮೆ.

ಚಳ್ಳಕೆರೆ ಟ್ಯಾಕ್ಸಿ: ನೋಡಿ ಹಾಗಾದರೆ. ಟ್ಯಾಕ್ಸಿಯವರು ಇಷ್ಟು ವರ್ಷ ಹೊಗಳಿದ್ದು ಇಟಲಿ ಇಂಜಿನ್ನನ್ನು. ಎಲ್ಲದಕ್ಕೂ ಜಪಾನ್ ಜಪಾನ್ ಅಂತೀರಿ.

ಹಿರಿಯೂರು 800: ಒಂದು ಇಂಜಿನ್ ಹಿಡಿದು ಮಾತಾಡಬೇಡಿ. ಮಾರುತಿ 1981ರಲ್ಲಿ ಸರ್ಕಾರದ ಕಂಪನಿಯಾಗಿ ಶುರುವಾಯಿತು. 1983ರ ಡಿಸೆಂಬರ್‌ನಲ್ಲಿ ಮೊದಲ 800 ಬಂತು. ಅದರ ಇಂಜಿನ್, ಗೇರ್‌ಬಾಕ್ಸ್, ಮಾಡುವ ವಿಧಾನ ಎಲ್ಲಾ ಸುಜುಕಿಯದು. ನಮ್ಮ ತಂದೆ ತಗೊಂಡ 800 ಇವತ್ತಿಗೂ ಮನೆ ಮುಂದೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ.

ಮೆಕ್ಯಾನಿಕ್: 800 ಇವತ್ತಿಗೂ ಓಡುತ್ತಿರುವುದಕ್ಕೆ ಇನ್ನೊಂದು ಕಾರಣ ಇದೆ. ಅದರ ಸಾಮಾನು ಹಿರಿಯೂರಲ್ಲೂ ಸಿಗುತ್ತದೆ, ಜಗಳೂರಲ್ಲೂ ಸಿಗುತ್ತದೆ. ಬಿಚ್ಚಿ ಜೋಡಿಸುವುದು ಸುಲಭ. ರಿಪೇರಿ ಕೈಗೆಟುಕಿದರೆ ಮಾಲೀಕ ರಿಪೇರಿ ಮುಂದೂಡುವುದಿಲ್ಲ. ಗಾಡಿ ಬಾಳಿಕೆ ಬರುವುದು ಅಲ್ಲಿಂದ.

ಚಿತ್ರದುರ್ಗ ಕೋಟೆ ರಸ್ತೆ: 2012ರ ಇನ್ನೋವಾ. ಮೀಟರ್‌ನಲ್ಲಿ ಟಿ-ಬೆಲ್ಟ್ ಅಂತ ದೀಪ ಬಂದಿದೆ. ಗಾಡಿ ಬೆಣ್ಣೆ ಹಾಗೆ ಓಡ್ತಿದೆ. ಪರಿಚಯದವರೊಬ್ಬರು ಸುಮ್ನೆ ದೀಪ ರೀಸೆಟ್ ಮಾಡಿಕೊಡ್ತೀನಿ ಅಂದಿದ್ದಾರೆ. ಮಾಡಿಸಲಾ?

ಮೆಕ್ಯಾನಿಕ್: ಬೇಡ. ಟಿ-ಬೆಲ್ಟ್ ಅಂದರೆ ಟೈಮಿಂಗ್ ಬೆಲ್ಟ್, ಚೈನ್ ಮಾಡುವ ಕೆಲಸವನ್ನೇ ಮಾಡುತ್ತದೆ. ಆ ದೀಪ ಕಿಲೋಮೀಟರ್ ಎಣಿಸಿ ಬರುತ್ತದೆ. ಬೆಲ್ಟ್ ಹೇಗಿದೆ ಅಂತ ಅದಕ್ಕೆ ಗೊತ್ತಿಲ್ಲ. ಬೆಲ್ಟ್ ತುಂಡಾಗುವ ಮುಂಚೆ ಸದ್ದು ಮಾಡುವುದಿಲ್ಲ, ಪಿಕಪ್ ಕಡಿಮೆ ಆಗುವುದಿಲ್ಲ. ಚೆನ್ನಾಗಿ ಓಡುತ್ತಾ ಓಡುತ್ತಾ ಹೈವೇಯಲ್ಲಿ ನಿಲ್ಲುತ್ತದೆ, ಅಷ್ಟರಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದಿರುತ್ತದೆ. ಮೊದಲು ಬೆಲ್ಟ್ ಮತ್ತು ಅದರ ಟೆನ್ಷನರ್ ಹಾಕಿಸಿ, ಆಮೇಲೆ ರೀಸೆಟ್. 2016ರ ಇನ್ನೋವಾ ಕ್ರಿಸ್ಟಾದಿಂದ ಡೀಸೆಲ್‌ಗೆ ಚೈನ್ ಬಂತು. ನಿಮ್ಮದು ಬೆಲ್ಟ್ ಗಾಡಿ.

ಹೊಳಲ್ಕೆರೆ ಇನ್ನೋವಾ: ಅಣ್ಣ, ನನ್ನದು 2009ರ ಇನ್ನೋವಾ ಡೀಸೆಲ್, ಮೂರು ಲಕ್ಷ ದಾಟಿದೆ. ಒಂದು ತಿಂಗಳಿಂದ ರೇಡಿಯೇಟರ್ ನೀರು ಇಳಿಯುತ್ತಿದೆ. ಕೆಳಗೆ ಒಂದು ಹನಿ ಕೂಡ ಬೀಳಲ್ಲ. ತೋಟದ ಬೋರ್ ನೀರು ತುಂಬಿಸಿ ಓಡಿಸುತ್ತಿದ್ದೇನೆ. ಬೇಸಿಗೆಯಲ್ಲಿ ಒಂದು ಗ್ಯಾರೇಜ್‌ನವರು ನಮ್ಮ ಕಡೆ ಬಿಸಿಲಿಗೆ ಥರ್ಮೋಸ್ಟಾಟ್ ಬೇಡ ಅಂತ ತೆಗೆದು ಹಾಕಿದರು. ಬೆಳಿಗ್ಗೆ ಬಾನೆಟ್ ಎತ್ತಿ ಮೇಲಿನ ಹೋಸ್ ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ ಇರುತ್ತದೆ. ಗುರುವಾರ ಅಮ್ಮನ್ನ, ಅಕ್ಕನ ಮನೆಯವರನ್ನ ಕೂರಿಸಿಕೊಂಡು ಧರ್ಮಸ್ಥಳಕ್ಕೆ ಹೋಗಬೇಕು. ಟೊಯೊಟಾ ಅಲ್ವಾ, ಹೋಗಿ ಬರಬಹುದಾ?

ಮೆಕ್ಯಾನಿಕ್: ಹೋಗಬೇಡಿ. ಗುರುವಾರಕ್ಕೆ ಬೇರೆ ಗಾಡಿ ಮಾತಾಡಿ. ಯಾಕೆ ಅಂತ ಪೂರ್ತಿ ಬರೆಯುತ್ತೇನೆ, ಉಳಿದವರೂ ಓದಿ.

ರಾತ್ರಿಯೆಲ್ಲಾ ನಿಂತ ಗಾಡಿಯ ಹೋಸ್ ಮೆತ್ತಗಿರಬೇಕು. ಇಂಜಿನ್ ಬಿಸಿ ಇದ್ದಾಗ ನೀರು ಹಿಗ್ಗಿ ಒತ್ತಡ ಬರುತ್ತದೆ, ತಣ್ಣಗಾದ ಮೇಲೆ ಆ ಒತ್ತಡ ಹೋಗುತ್ತದೆ. ತಣ್ಣಗಿರುವ ಹೋಸ್ ಬೆಳಿಗ್ಗೆ ಗಟ್ಟಿ ಇದೆ ಅಂದರೆ ಒಳಗೆ ಗಾಳಿ ಸೇರಿದೆ. ಆ ಗಾಳಿ ಬರುವುದು ಸಿಲಿಂಡರ್‌ನಿಂದ. ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋತಿರಬೇಕು, ಇಲ್ಲವೇ ಹೆಡ್ ಬಿರುಕು ಬಿಟ್ಟಿರಬೇಕು. ಅದೇ ದಾರಿಯಲ್ಲಿ ನೀರು ಸಿಲಿಂಡರ್‌ಗೆ ಹೋಗಿ ಸೈಲೆನ್ಸರ್‌ನಲ್ಲಿ ಆವಿಯಾಗುತ್ತಿದೆ. ಕೆಳಗೆ ಹನಿ ಬೀಳದೇ ಇರುವುದು ಅದಕ್ಕೇ.

ಇನ್ನು ಥರ್ಮೋಸ್ಟಾಟ್. ತೆಗೆದರೆ ಇಂಜಿನ್ ಯಾವಾಗಲೂ ತಣ್ಣಗಿರುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಟೊಯೊಟಾದ ಎಷ್ಟೋ ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್‌ಗೆ ಎರಡು ಕೆಲಸ. ಬಿಸಿಯಾದಾಗ ರೇಡಿಯೇಟರ್ ಕಡೆ ದಾರಿ ತೆರೆಯುತ್ತದೆ. ಅದೇ ಹೊತ್ತಿಗೆ ಅದರ ಕೆಳಗಿನ ಬಿಲ್ಲೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತು ಹಾಕಿದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಬಿಸಿ ನೀರಿನಲ್ಲಿ ಒಂದು ಪಾಲು ರೇಡಿಯೇಟರ್‌ಗೆ ಹೋಗದೆ ಇಂಜಿನ್‌ನಲ್ಲೇ ಸುತ್ತುತ್ತದೆ. ಖಾಲಿ ಗಾಡಿ ಊರೊಳಗೆ ಓಡಿದರೆ ಗೊತ್ತಾಗಲ್ಲ. ಲೋಡ್ ಹಾಕಿ ಘಾಟಿ ಹತ್ತಿದರೆ ಗೊತ್ತಾಗುತ್ತದೆ. ಹೊಸದು ಹಾಕಿಸುವಾಗ ಅದರ ಅಂಚಿನಲ್ಲಿ ಅಲ್ಲಾಡುವ ಒಂದು ಸಣ್ಣ ಪಿನ್ ಇರುತ್ತದೆ, ಅದು ಮೇಲ್ಗಡೆಗೆ ಬರಬೇಕು. ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುವುದು ಅಲ್ಲಿಂದ. ನಿಂತು ನೋಡಿ ಹಾಕಿಸಿ.

ಬೋರ್ ನೀರು. ಹೊಳಲ್ಕೆರೆ, ಹೊಸದುರ್ಗ, ಚಳ್ಳಕೆರೆ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತಳದಲ್ಲಿ ಬಿಳಿ ಕಟ್ಟುವುದನ್ನು ಎಲ್ಲರೂ ನೋಡಿದ್ದೀರಿ. ರೇಡಿಯೇಟರ್ ಟ್ಯೂಬ್ ಒಳಗೂ ಅದೇ ಕಟ್ಟುತ್ತದೆ. ಕೂಲಂಟ್ ಇಲ್ಲದ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಿಮ್ಮ ಇಂಜಿನ್‌ನ ಬ್ಲಾಕ್ ಕಬ್ಬಿಣದ್ದು, ಹೆಡ್ ಅಲ್ಯೂಮಿನಿಯಂದು. ಒಂದು ಸಲ ಜೋರಾಗಿ ಓವರ್‌ಹೀಟ್ ಆದರೆ ಹೆಡ್ ಬಾಗುತ್ತದೆ.

ಹೋಗುವಾಗ ಚಾರ್ಮಾಡಿ ಇಳಿಜಾರು, ಏನೂ ಆಗಲ್ಲ. ಬರುವಾಗ ತುಂಬಿದ ಗಾಡಿ, ಏಸಿ, ಎರಡನೇ ಗೇರ್, ಏರು. ನೀರು ಪೂರ್ತಿ ಖಾಲಿಯಾದರೆ ಟೆಂಪರೇಚರ್ ಮುಳ್ಳನ್ನೂ ನಂಬುವ ಹಾಗಿಲ್ಲ, ಸೆನ್ಸರ್ ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆಗೆಯಲು ಹೋಗಬೇಡಿ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನಿಂತಿರುತ್ತದೆ. ಕ್ಯಾಪ್ ಸಡಿಲ ಆದ ಕ್ಷಣ ಕುದಿದು ಮುಖಕ್ಕೆ ಹಾರುತ್ತದೆ.

ನಾಳೆಯೇ ಗ್ಯಾಸ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಟ್ಯೂಬ್ ಇಟ್ಟು ಒಳಗಿನ ಗಾಳಿ ಎಳೆಯುತ್ತಾರೆ. ನೀಲಿ ಹೋಗಿ ಹಸಿರು, ಹಳದಿ ಕಡೆ ತಿರುಗಿದರೆ ಸಿಲಿಂಡರ್ ಗಾಳಿ ಬರುತ್ತಿದೆ ಅಂತ ಅರ್ಥ. ಮುಗಿದ ಮೇಲೆ ಇಲ್ಲೇ ಬರೆಯಿರಿ.

ಹೊನ್ನಾಳಿ ಎರ್ಟಿಗಾ: ಹೊಳಲ್ಕೆರೆಯವರೇ, ಅಷ್ಟೆಲ್ಲಾ ಬೇಡ. ಇದು ಬಂದಿದೆ ನೋಡಿ: "ರೇಡಿಯೇಟರ್ ಲೀಕ್ ಆದರೆ ಎರಡು ಚಮಚ ಅರಿಶಿನ ಪುಡಿ ಹಾಕಿ, ಐದು ನಿಮಿಷದಲ್ಲಿ ನಿಲ್ಲುತ್ತದೆ. ಎಲ್ಲರಿಗೂ ಕಳಿಸಿ."

ಮೆಕ್ಯಾನಿಕ್: ಹಾಕಬೇಡಿ. ಅರಿಶಿನ ಲೀಕ್ ಇರುವ ಜಾಗ ಹುಡುಕಿಕೊಂಡು ಹೋಗುವುದಿಲ್ಲ. ಸಣ್ಣ ಟ್ಯೂಬ್ ಎಲ್ಲಿದೆಯೋ ಅಲ್ಲೆಲ್ಲಾ ಕೂರುತ್ತದೆ. ಆ ಕೆಸರು ತೆಗೆಯಲು ರೇಡಿಯೇಟರ್ ಇಳಿಸಬೇಕು. ಇವರ ಗಾಡಿಯಲ್ಲಿ ರೇಡಿಯೇಟರ್ ಲೀಕೇ ಇಲ್ಲ. ಮೇಲೆ ಬರೆದಿದ್ದನ್ನು ಓದಿ.

ಹೊನ್ನಾಳಿ ಎರ್ಟಿಗಾ: ನಮ್ಮ ಮಾವ ಲಾರಿಗೆ ಹಾಕುತ್ತಿದ್ದರು.

ಮೆಕ್ಯಾನಿಕ್: ದಾರಿ ಮಧ್ಯೆ ಬೇರೆ ಗತಿ ಇಲ್ಲದೆ ಹಾಕಿ, ಮನೆಗೆ ಬಂದು ಬಿಚ್ಚಿ ತೊಳೆಯುತ್ತಿದ್ದರು. ಕೊನೆಯ ಭಾಗವನ್ನು ಫಾರ್ವರ್ಡ್ ಮಾಡುವವರು ಬರೆಯುವುದಿಲ್ಲ.

ಜಗಳೂರು ವ್ಯಾಗನ್ಆರ್: ಇಂಜಿನ್ ಆಯಿಲ್ ಎಷ್ಟು ಕಿಮೀಗೆ ಅಣ್ಣ?

ಮೆಕ್ಯಾನಿಕ್: ಮೇಲೆ ಇದೆ.

ವಿದ್ಯಾನಗರ ಸಿವಿಟಿ: ಜಪಾನಿ ಕಂಪನಿಯ ಸಿವಿಟಿ (ಒಂದು ಬಗೆಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಗಾಡಿ ನನ್ನದು. 60 ಸಾವಿರ ಕಿಮೀ. ಸಿಗ್ನಲ್‌ನಲ್ಲಿ ಎತ್ತುವಾಗ ಜರ್ಕ್. ಹೊರಗಡೆ ಒಬ್ಬರು ಮಾಮೂಲಿ ಆಟೋಮ್ಯಾಟಿಕ್ ಆಯಿಲ್ ಹಾಕಿಕೊಡ್ತೀನಿ, ಅರ್ಧ ಬೆಲೆ ಅಂದರು.

ಮೆಕ್ಯಾನಿಕ್: ಬೇಡವೇ ಬೇಡ. ಸಿವಿಟಿಯಲ್ಲಿ ಲೋಹದ ಬೆಲ್ಟ್ ಎರಡು ಪುಲ್ಲಿ ನಡುವೆ ಬಿಗಿ ಹಿಡಿದು ಓಡಬೇಕು. ಆ ಹಿಡಿತಕ್ಕೆ ತಕ್ಕ ಆಯಿಲ್ ಬೇರೆಯೇ. ಹೋಂಡಾಗೆ ಎಚ್‌ಸಿಎಫ್-2, ನಿಸ್ಸಾನ್‌ಗೆ ಎನ್ಎಸ್-3, ಹೀಗೆ ಒಬ್ಬೊಬ್ಬರದು ಒಂದೊಂದು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಇರುವುದನ್ನೇ ಹಾಕಿಸಿ. ಬೆಲ್ಟ್ ಜಾರಲು ಶುರುವಾದರೆ ಪುಲ್ಲಿ ಗೀರು ಬೀಳುತ್ತದೆ, ಆಮೇಲೆ ಆಯಿಲ್‌ನಿಂದ ಸರಿಯಾಗಲ್ಲ.

ಚಳ್ಳಕೆರೆ ಟ್ಯಾಕ್ಸಿ: ಏನೇ ಹೇಳಿ, ಜಪಾನ್ ಗಾಡಿ ತಗಡು. ಟಾಟಾ ನೆಕ್ಸಾನ್ 2018ರಲ್ಲೇ ಗ್ಲೋಬಲ್ ಎನ್‌ಕ್ಯಾಪ್‌ನವರ ಅಪಘಾತ ಪರೀಕ್ಷೆಯಲ್ಲಿ ಐದು ಸ್ಟಾರ್ ತಗೊಂಡಿತ್ತು. 2014ರಲ್ಲಿ ಏರ್‌ಬ್ಯಾಗ್ ಇಲ್ಲದ ಸ್ವಿಫ್ಟ್‌ಗೆ ಸೊನ್ನೆ.

ಹಿರಿಯೂರು 800: 2024ರ ಹೊಸ ಡಿಜೈರ್‌ಗೂ ಐದು ಸ್ಟಾರ್ ಬಂತು. ಅದನ್ನು ಹೇಳಲ್ಲ ನೀವು.

ಚಳ್ಳಕೆರೆ ಟ್ಯಾಕ್ಸಿ: ಹತ್ತು ವರ್ಷ ಜನರನ್ನು ತಗಡಿನಲ್ಲಿ ಕೂರಿಸಿ ಆಮೇಲೆ ಕೊಟ್ಟರು.

ಹಿರಿಯೂರು 800: ನಿಮ್ಮ ಟ್ಯಾಕ್ಸಿ ಯಾವುದು? ಟೊಯೊಟಾ ಎಟಿಯೋಸ್ ತಾನೇ? ಅನ್ನ ಹಾಕಿದ ಗಾಡಿಗೆ ಬೈಯ್ತಿದ್ದೀರಿ.

ಚಳ್ಳಕೆರೆ ಟ್ಯಾಕ್ಸಿ: ಗಾಡಿ ವಿಷಯ ಮಾತಾಡಿ, ನನ್ನ ಅನ್ನದ ವಿಷಯ ಬೇಡ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ಕೆಡದೇ ಓಡುವುದು ಒಂದು, ಅಪಘಾತದಲ್ಲಿ ಜೀವ ಉಳಿಸುವುದು ಇನ್ನೊಂದು. ಎರಡನ್ನೂ ಬೇರೆ ಬೇರೆ ನೋಡಿ ಗಾಡಿ ತಗೊಳ್ಳಬೇಕು. ಜಪಾನ್ ಅಂದ ಮಾತ್ರಕ್ಕೆ ದೋಷ ಇಲ್ಲ ಅಂತಲೂ ಅಲ್ಲ. ಟಕಾಟಾ ಜಪಾನ್ ಕಂಪನಿಯೇ. ಅವರ ಏರ್‌ಬ್ಯಾಗ್ ಒಳಗಿನ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಶಾಖ, ತೇವಕ್ಕೆ ಕೆಟ್ಟು, ಬ್ಯಾಗ್ ಬಿಚ್ಚುವಾಗ ಲೋಹದ ಚೂರು ಸಿಡಿದು ಜನ ಸತ್ತರು. ಪ್ರಪಂಚದ ಅತಿ ದೊಡ್ಡ ರೀಕಾಲ್ (ದೋಷ ಇರುವ ಗಾಡಿ ವಾಪಸ್ ಕರೆಸಿ ಸರಿಮಾಡುವುದು) ಅದು. 2017ರಲ್ಲಿ ಕಂಪನಿ ದಿವಾಳಿ ಆಯಿತು. ಹದಿನೈದು ಇಪ್ಪತ್ತು ವರ್ಷ ಹಳೆಯ ಏರ್‌ಬ್ಯಾಗ್ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡವರು ದಯವಿಟ್ಟು ಚಾಸಿ ನಂಬರ್ ಕೊಟ್ಟು ಕಂಪನಿಯವರಲ್ಲಿ ವಿಚಾರಿಸಿ. ರೀಕಾಲ್ ಇದ್ದರೆ ದುಡ್ಡಿಲ್ಲದೆ ಬದಲಾಯಿಸುತ್ತಾರೆ. ಜಗಳ ಬಿಟ್ಟು ಇದನ್ನು ನಾಲ್ಕು ಜನಕ್ಕೆ ಹೇಳಿ.

ನಿಟ್ಟುವಳ್ಳಿ ಬಲೆನೊ: ಟೊಯೊಟಾ ಗ್ಲಾನ್ಜಾ ಒಳ್ಳೆಯದಾ ಮಾರುತಿ ಬಲೆನೊ ಒಳ್ಳೆಯದಾ?

ಮೆಕ್ಯಾನಿಕ್: ಎರಡೂ ಒಂದೇ ಗಾಡಿ, ಹೆಸರು ಬೇರೆ. ಸರ್ವಿಸ್ ಎಲ್ಲಿ ಹತ್ತಿರವೋ ಅದನ್ನು ತಗೊಳ್ಳಿ.

ಮಂಡಕ್ಕಿ ಭಟ್ಟಿ ಏರಿಯಾ: ಅಣ್ಣ, ಗೋದಾಮಿನ ಪಕ್ಕ ಗಾಡಿ ನಿಲ್ಲಿಸುತ್ತೇವೆ. ಇಲಿ ಮತ್ತೆ ವೈರ್ ಕಡಿದಿದೆ. ಹೊಗೆಸೊಪ್ಪು ಕಟ್ಟಿದರೆ ಆಗುತ್ತಾ?

ಮೆಕ್ಯಾನಿಕ್: ಮಂಡಕ್ಕಿ, ಮೆಕ್ಕೆಜೋಳದ ಚೀಲದ ಪಕ್ಕ ನಿಲ್ಲಿಸಿದರೆ ಇಲಿ ಬರುತ್ತದೆ. ಜಾಗ ಬದಲಾಯಿಸಿ. ಆಗದಿದ್ದರೆ ರಾತ್ರಿ ಬಾನೆಟ್ ಎತ್ತಿಟ್ಟು ಲೈಟ್ ಹಾಕಿ. ಕಡಿದ ವೈರ್‌ಗೆ ಬರೀ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ಸ್ಲೀವ್ ಹಾಕಿಸಿ.

ಚನ್ನಗಿರಿ ಅಡಿಕೆ: 2008ರ ಹೋಂಡಾ ಸಿಟಿ ಪೆಟ್ರೋಲ್. ಈಗ ಬಂಕ್‌ನಲ್ಲಿ ಸಿಗುವುದೆಲ್ಲಾ ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್. ಏನಾದರೂ ಆಗುತ್ತಾ?

ಮೆಕ್ಯಾನಿಕ್: ಎಥನಾಲ್‌ನಲ್ಲಿ ಶಕ್ತಿ ಪೆಟ್ರೋಲ್‌ಗಿಂತ ಕಡಿಮೆ, ಮೈಲೇಜ್ ಸ್ವಲ್ಪ ಇಳಿಯುತ್ತದೆ. ನಿಮ್ಮ ಗಾಡಿ ಕಾಲದ ರಬ್ಬರ್ ಪೈಪ್, ಸೀಲ್ ಇದಕ್ಕೆ ಅಂತ ಮಾಡಿದ್ದಲ್ಲ. ಪ್ರತಿ ಸರ್ವಿಸ್‌ನಲ್ಲಿ ಪೈಪ್ ಬಿರುಕು ಬಿಟ್ಟಿದೆಯಾ ನೋಡಿಸಿ. ಗಾಡಿ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಓಡಿಸಬೇಡಿ.

ಹೊನ್ನಾಳಿ ಎರ್ಟಿಗಾ: ಪೆಟ್ರೋಲ್ ಟ್ಯಾಂಕ್‌ಗೆ ಎರಡು ನುಸಿಗುಳಿಗೆ ಹಾಕಿದರೆ ಮೈಲೇಜ್ ವಾಪಸ್ ಬರುತ್ತದೆ. ಆಯಿಲ್‌ಗೆ ಒಂದು ಲೀಟರ್ ಸೀಮೆಎಣ್ಣೆ ಸೇರಿಸಿ ಹದಿನೈದು ನಿಮಿಷ ಓಡಿಸಿದರೆ ಇಂಜಿನ್ ಒಳಗೆ ಕ್ಲೀನ್. ವಿಡಿಯೋ ಹಾಕಲಾ?

ಮೆಕ್ಯಾನಿಕ್: ಹಾಕಬೇಡಿ ಅಂತ ಮೊದಲೇ ಹೇಳಿದ್ದಾರೆ. ನುಸಿಗುಳಿಗೆಯಿಂದ ಮೈಲೇಜ್ ಬರುವುದಿಲ್ಲ. ಸೀಮೆಎಣ್ಣೆ ಆಯಿಲ್ ಅನ್ನು ತೆಳುಮಾಡುತ್ತದೆ, ಬೇರಿಂಗ್ ಮೇಲಿನ ಪದರ ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜುತ್ತದೆ. ಕಿತ್ತು ಬಂದ ಕೊಳೆ ಆಯಿಲ್ ಪಂಪಿನ ಜಾಲರಿಗೆ ಕೂರುತ್ತದೆ. ಹಾಗೆ ಕೆಟ್ಟ ಇಂಜಿನ್ ಬಿಚ್ಚಿ ಮಾಲೀಕರಿಗೆ ಖರ್ಚು ಹೇಳುವವನು ನಾನು. ಇನ್ನೊಂದು ಫಾರ್ವರ್ಡ್ ಬಂದರೆ ನಾನು ಉತ್ತರ ಬರೆಯುವುದು ನಿಲ್ಲಿಸುತ್ತೇನೆ.

ಹೊನ್ನಾಳಿ ಎರ್ಟಿಗಾ: ಒಳ್ಳೆಯದಕ್ಕೆ ಹೇಳಿದೆ. ಇಷ್ಟು ಸಿಟ್ಟು ಯಾಕೆ?

ಅಡ್ಮಿನ್: ಎರ್ಟಿಗಾ ಸರ್, ಇನ್ನು ಸಾಕು.

ಎಂಸಿಸಿ ಬಿ ಬ್ಲಾಕ್: ಮ್ಯಾನ್ಯುಯಲ್ ಕಳೆದುಹೋಗಿದೆ. ಆಯಿಲ್ ಎಷ್ಟಕ್ಕೆ ಅಂತ ನಂಬರ್ ಹೇಳಿ ಸಾಕು.

ಮೆಕ್ಯಾನಿಕ್: ಮಾಡೆಲ್ ವರ್ಷ ಬರೆದಿಲ್ಲ ನೀವು. ಮ್ಯಾನ್ಯುಯಲ್ ಕಂಪನಿ ವೆಬ್‌ಸೈಟ್‌ನಲ್ಲಿ ಸಿಗುತ್ತದೆ.

ನಿಟ್ಟುವಳ್ಳಿ ಬಲೆನೊ: ಹಾಗಾದರೆ ರೀಸೇಲ್ ಯಾವುದಕ್ಕೆ ಜಾಸ್ತಿ?

ಭರಮಸಾಗರ ಈಕೋ: ಸಿಎನ್‌ಜಿ ಹಾಕಿಸಿದರೆ ವಾಲ್ವ್ ಸವೆಯುತ್ತದೆ ಅಂತಾರೆ, ನಿಜವಾ?

ಹೊಳಲ್ಕೆರೆ ಇನ್ನೋವಾ: ಅಣ್ಣ, ನಾಳೆವರೆಗೆ ಕಾಯಲಿಲ್ಲ. ಚಿತ್ರದುರ್ಗದಲ್ಲಿ ಗೊತ್ತಿರುವವರ ಗ್ಯಾರೇಜ್ ತೆಗೆಸಿ ಟೆಸ್ಟ್ ಮಾಡಿಸಿದೆ. ನೀಲಿ ಹೋಗಿ ಹಳದಿ ಆಯಿತು. ಗುರುವಾರಕ್ಕೆ ಬೇರೆ ಗಾಡಿ ಹೇಳಿದ್ದೇನೆ. ಬರೀ ಗ್ಯಾಸ್ಕೆಟ್ ಬದಲಾಯಿಸಿ ಕೊಡ್ತೀವಿ ಅಂತಿದ್ದಾರೆ.

ಮೆಕ್ಯಾನಿಕ್: ಬರೀ ಗ್ಯಾಸ್ಕೆಟ್‌ಗೆ ಒಪ್ಪಬೇಡಿ. ಹೆಡ್ ಇಳಿಸಿದ ಮೇಲೆ ಲೇತ್‌ನವರ ಹತ್ತಿರ ಕಳಿಸಿ, ಬಾಗಿದೆಯಾ ಅಳೆಸಿ, ಒತ್ತಡ ಹಾಕಿ ಬಿರುಕು ನೋಡಿಸಿ. ಡೀಸೆಲ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ. ಪಿಸ್ಟನ್ ಬ್ಲಾಕ್‌ನಿಂದ ಎಷ್ಟು ಮೇಲೆ ಬರುತ್ತದೆ ಅಂತ ಡಯಲ್ ಇಟ್ಟು ಅಳೆದು, ಅದಕ್ಕೆ ತಕ್ಕ ದಪ್ಪದ್ದು ಹಾಕಬೇಕು. ಕಣ್ಣಂದಾಜು ಬೇಡ. ಬೋಲ್ಟ್ ಬಿಗಿಯುವುದು ಎಷ್ಟು ಬಿಗಿ ಅಂತ ಅಳೆಯುವ ಟಾರ್ಕ್ ಸ್ಪ್ಯಾನರ್‌ನಲ್ಲಿ, ಮ್ಯಾನ್ಯುಯಲ್‌ನ ಕ್ರಮದಲ್ಲಿ. ರೇಡಿಯೇಟರ್ ಇಳಿಸಿ ತೊಳೆಸಿ, ಹೊಸ ಥರ್ಮೋಸ್ಟಾಟ್, ಹೊಸ ಕ್ಯಾಪ್, ಟೊಯೊಟಾದ ಗುಲಾಬಿ ಕೂಲಂಟ್. ಬೋರ್ ನೀರು ಇನ್ನು ಮುಟ್ಟಬೇಡಿ. ಹೆಡ್ ಇಳಿಸುವಾಗ ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚುತ್ತಾರೆ, ಅದನ್ನೂ ಹೊಸದು ಹಾಕಿಸಿ.

ಹೊಳಲ್ಕೆರೆ ಇನ್ನೋವಾ: ಬೆಲ್ಟ್ ಹಾಕಿಸಿದ್ದೇನೆ ಅಂತ ಹಿಂದಿನ ಮಾಲೀಕರು ಹೇಳಿದ್ದರು.

ಮೆಕ್ಯಾನಿಕ್: ಬಿಲ್ ಇದೆಯಾ?

ಹೊಳಲ್ಕೆರೆ ಇನ್ನೋವಾ: ಇಲ್ಲ.

ಮೆಕ್ಯಾನಿಕ್: ಹಾಗಾದರೆ ಹೊಸದೇ ಹಾಕಿಸಿ.