ಎಂಟು ಹಸುಗಳಿಗೆ ಎಷ್ಟು ದೊಡ್ಡ ಗೋಬರ್ ಗ್ಯಾಸ್ ಬೇಕು? ಕೊಟ್ಟಿಗೆ ಕಟ್ಟುವ ಮೊದಲು ತಿಳಿಯಬೇಕಿದೆ

ಚಿಂತಾಮಣಿಯ ಹೈನುಗಾರ:

ನಮಸ್ಕಾರ. ಚಿಂತಾಮಣಿ ತಾಲ್ಲೂಕಿನ ಹಳ್ಳಿ ನಮ್ಮದು. ಎಂಟು ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಹಸುಗಳು, ಎರಡು ಎಕರೆ ಹಿಪ್ಪುನೇರಳೆ, ಮನೆಯಲ್ಲಿ ಐದು ಜನ. ಈಗಿನ ಕೊಟ್ಟಿಗೆ ಅಜ್ಜನ ಕಾಲದ್ದು, ಮನೆಯ ಗೋಡೆಗೇ ಅಂಟಿಕೊಂಡಿದೆ. ತಿಪ್ಪೆ ಬೀದಿಯ ಅಂಚಿನಲ್ಲಿದೆ. ಮಳೆ ಬಂದರೆ ಕಪ್ಪು ನೀರು ದಾರಿಗೆ ಹರಿಯುತ್ತದೆ, ಬಿಸಿಲು ಬಂದರೆ ನೊಣ. ಎದುರು ಮನೆಯವರು ಎರಡು ಸಲ ಬಂದು ಹೇಳಿದರು, ಈಗ ಮಾತೇ ನಿಲ್ಲಿಸಿದ್ದಾರೆ. ಅವರು ಕೋಪಿಸಿಕೊಂಡದ್ದರಲ್ಲಿ ತಪ್ಪಿಲ್ಲ, ಅವರ ಮನೆಯಲ್ಲಿ ಹಸುಗೂಸಿದೆ.

ಹಿತ್ತಲಿನಾಚೆ ಹೊಸ ಕೊಟ್ಟಿಗೆ ಕಟ್ಟಿಸುತ್ತಿದ್ದೇನೆ. ಗೋಬರ್ ಗ್ಯಾಸ್ ಘಟಕ ಕಟ್ಟಿಕೊಡುವವರೊಬ್ಬರು ನೋಡಿಕೊಂಡು ಹೋದರು. ಆರು ಘನ ಮೀಟರಿನದ್ದು, ಅಂದರೆ ದಿನಕ್ಕೆ ಅಷ್ಟು ಅನಿಲ ಕೊಡುವಂಥದ್ದು ಹಾಕಿಸಿ, ಕೊಟ್ಟಿಗೆಯ ಚರಂಡಿಯನ್ನು ನೇರ ಅದಕ್ಕೇ ಕೂಡಿಸಿ, ಪೈಪಿನಲ್ಲಿ ನೀರು ಹೊಡೆದರೆ ಸಾಕು, ಸಗಣಿ ಬಾಚುವ ಕೆಲಸವೇ ಇರುವುದಿಲ್ಲ ಎನ್ನುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನಮ್ಮ ಕೊಳವೆ ಬಾವಿಯ ನೀರು ಅಷ್ಟಕ್ಕಷ್ಟೇ. ಅನುಭವ ಇದ್ದವರು ದಯವಿಟ್ಟು ಹೇಳಿ.

ಶಿರಸಿಯ ಗೃಹಿಣಿ:

ಆರು ಘನ ಮೀಟರ್ ಬೇಡ. ಚರಂಡಿ ಕೂಡಿಸುವುದಂತೂ ಬೇಡವೇ ಬೇಡ.

ನಮ್ಮ ಶಿರಸಿ ಸೀಮೆಗೆ ಗೋಬರ್ ಗ್ಯಾಸ್ ಹೊಸದಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಬೆಳಗಿನ ತಿಂಡಿ ಅದರ ಉರಿಯಲ್ಲೇ ಆಗುತ್ತಿದೆ, ಸಗಣಿ ಕಲಸುವವಳೂ ನಾನೇ. ಹಾಗಾಗಿ ಲೆಕ್ಕ ಬಿಡಿಸಿ ಹೇಳುತ್ತೇನೆ, ತಮ್ಮ.

ಮಿಶ್ರತಳಿ ಹಸು ದಿನಕ್ಕೆ ಸುಮಾರು 15 ಕೆಜಿ ಸಗಣಿ ಹಾಕುತ್ತದೆ ಎಂದಿಟ್ಟುಕೊಳ್ಳಿ. ಎಂಟರಿಂದ 120 ಕೆಜಿ. ಒಂದು ಘನ ಮೀಟರ್ ಅನಿಲಕ್ಕೆ 25 ಕೆಜಿ ಸಗಣಿ ಬೇಕು. ಅಂದರೆ ಒಂದು ಚೂರೂ ಬಿಡದೆ ಬಾಚಿ ಹಾಕಿದರೂ ಐದು ಘನ ಮೀಟರ್ ತುಂಬುವುದಿಲ್ಲ, ಆರು ಎಲ್ಲಿಂದ ಬರಬೇಕು? ಇನ್ನು ಖರ್ಚಿನ ಕಡೆ ನೋಡಿ. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರಿಗಿಂತ ತುಸು ಹೆಚ್ಚು ಸಾಕು. ಐದು ಜನರಿಗೆ ಒಂದೂವರೆ. ಹಸುಗಳಿಗೆ ಅಕ್ಕಚ್ಚು ಬೇಯಿಸಿ, ಹಾಲಿನ ಕ್ಯಾನು ತೊಳೆಯಲು ನೀರು ಕಾಯಿಸಿದರೂ ಮೂರು ಘನ ಮೀಟರಿನ ಒಳಗೇ ಮುಗಿಯುತ್ತದೆ. ಉಳಿದ ಅನಿಲ ಉರಿಯದೆ ಗಾಳಿಗೆ ಹೋಗುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೀಥೇನ್. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಮುಂದು. ದುಡ್ಡು ಕೊಟ್ಟು ಆ ಕೆಲಸ ಮಾಡಿಸಬೇಕೇ? ಮೂರು ಘನ ಮೀಟರಿನ ದೀನಬಂಧು, ಅಂದರೆ ನೆಲದೊಳಗೆ ಗುಮ್ಮಟದಂತೆ ಕಟ್ಟುವ ಮಾದರಿ, ಸಾಕು. 75 ಕೆಜಿ ಅದಕ್ಕೆ, ಉಳಿದ ಸಗಣಿ ಕಾಂಪೋಸ್ಟಿಗೆ.

ಈಗ ನೀರಿನ ಮಾತು. 75 ಕೆಜಿ ಸಗಣಿಗೆ 75 ಲೀಟರ್ ನೀರು, ಒಟ್ಟು ದಿನಕ್ಕೆ 150 ಲೀಟರ್. ಅದು ಒಳಗೆ ನಲವತ್ತು ದಿನ ಕೊಳೆಯಬೇಕು, ಆದ್ದರಿಂದ ತೊಟ್ಟಿಯಲ್ಲಿ 6000 ಲೀಟರ್ ಹಿಡಿಯುವಷ್ಟು ಜಾಗ ಇರುತ್ತದೆ. ನೀವು ಪೈಪ್ ಹಿಡಿದು ಎಂಟು ಹಸುಗಳ ನೆಲ ತೊಳೆದರೆ 450 ಲೀಟರ್ ನೀರು ಸುಲಭವಾಗಿ ಹೋಗುತ್ತದೆ. ಅದೂ ಒಳಗೆ ಸೇರಿದರೆ ದಿನಕ್ಕೆ 600 ಲೀಟರ್ ಆಯಿತು. ನಲವತ್ತು ದಿನ ಇರಬೇಕಾದ ಸಗಣಿ ಹತ್ತೇ ದಿನಕ್ಕೆ ಆಚೆ ಬಂದು ಬೀಳುತ್ತದೆ. ಅನಿಲವೂ ಇಲ್ಲ, ವಾಸನೆಯೂ ಹೋಗಿಲ್ಲ, ನೊಣಕ್ಕೆ ಮತ್ತೆ ಹಬ್ಬ. ಎದುರು ಮನೆಯವರ ಮಾತು ಇನ್ನೂ ದೂರವಾಗುತ್ತದೆ. ನೆಲ ತೊಳೆಯುವ ಫಿನಾಯಿಲ್, ಬ್ಲೀಚಿಂಗ್ ಪುಡಿ ಒಳಗೆ ಹೋದರಂತೂ ಅನಿಲ ಮಾಡುವ ಜೀವಾಣುಗಳೇ ಸಾಯುತ್ತವೆ.

ಸಗಣಿಯನ್ನು ಬಾಚಿಯೇ ಹಾಕಿ. ಕಲಸುವ ತೊಟ್ಟಿಯ ತೂತಿಗೆ ಬೆಣೆ ಹಾಕಿ, ಕೈಯಿಂದಲೇ ಗಂಟು ಒಡೆದು ದೋಸೆ ಹಿಟ್ಟಿನ ಹದಕ್ಕೆ ತಂದುಕೊಳ್ಳಿ. ಹುಲ್ಲಿನ ಕಡ್ಡಿ ಮೇಲೆ ತೇಲಿ ಬರುತ್ತದೆ, ಅದನ್ನು ತೆಗೆದು ಎಸೆಯಿರಿ. ಒಂದು ಹಿಡಿ ಹುಲ್ಲಲ್ಲವೇ ಎಂದು ಬಿಟ್ಟರೆ ವರ್ಷದ ಹೊತ್ತಿಗೆ ಒಳಗೆ ಗಟ್ಟಿ ಕೆನೆ ಕಟ್ಟಿ ಅನಿಲ ಮೇಲೇಳುವುದಿಲ್ಲ. ಬೆಣೆ ಕೀಳುವ ಮೊದಲು ಕಲ್ಲು, ಮಣ್ಣು ತಳಕ್ಕೆ ಕೂರಲು ಬಿಡಿ.

ಚಿಂತಾಮಣಿಯ ಹೈನುಗಾರ:

ಅಕ್ಕ, ಹತ್ತು ದಿನದ ಲೆಕ್ಕ ನೋಡಿ ಬೆಚ್ಚಿದೆ. ಹಾಗಾದರೆ ತೊಳೆದ ನೀರು ಎಲ್ಲಿಗೆ ಹೋಗಬೇಕು? ಘಟಕದಿಂದ ಹೊರಬರುವ ಬಗ್ಗಡವನ್ನು ಹಿಪ್ಪುನೇರಳೆಗೆ ಹಾಕಿದರೆ ರೇಷ್ಮೆ ಹುಳುವಿಗೆ ತೊಂದರೆ ಆಗುವುದಿಲ್ಲವೇ?

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ:

ನಮ್ಮಲ್ಲೂ ಹಸು ಮತ್ತು ಹುಳು ಎರಡೂ ಇವೆ. ಬಗ್ಗಡ ಹಾಕಿ, ಧಾರಾಳವಾಗಿ ಹಾಕಿ. ಆದರೆ ಸೊಪ್ಪು ಕಟಾವಾದ ಮೇಲೆ, ಸಾಲಿನ ಬುಡಕ್ಕೆ ಬಿಟ್ಟು ಮಣ್ಣು ಮುಚ್ಚಿ. ಸೊಪ್ಪಿರುವಾಗ ಎಲೆಗೆ ಸಿಡಿಯಬಾರದು. ಕೊಳೆ ಹಿಡಿದ ಒದ್ದೆ ಸೊಪ್ಪು ಹುಳುವಿಗೆ ಆಗಿಬರುವುದಿಲ್ಲ, ನಿಮಗೂ ಗೊತ್ತಿದೆ. ಬಗ್ಗಡವನ್ನು ಬಿಸಿಲಿಗೆ ಒಣಗಿಸಿ ಹಾಕುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದರ ಸಾರಜನಕದಲ್ಲಿ ಒಂದು ಪಾಲು ಅಮೋನಿಯಾ ಆಗಿ ಹಾರಿಹೋಗುತ್ತದೆ. ಹಸಿಯಾಗಿ ಹಾಕಲಾಗದ ದಿನಗಳಲ್ಲಿ ಗುಂಡಿಯಲ್ಲಿ ಹಿಪ್ಪುನೇರಳೆ ಕಡ್ಡಿ, ತರಗೆಲೆಯ ಮೇಲೆ ಸುರಿದು ನೆರಳು ಮಾಡಿ.

ನೆಲವನ್ನು ನಲವತ್ತು ಅಡಿಗೆ ಒಂದು ಅಡಿ ಇಳಿಜಾರಿನಲ್ಲಿ ಹಾಕಿಸಿ. ನುಣುಪು ಗಾರೆ ಬೇಡ, ಗೆರೆ ಎಳೆಸಿ, ಇಲ್ಲದಿದ್ದರೆ ತುಂಬು ಗಬ್ಬದ ಹಸು ಜಾರಿ ಬೀಳುತ್ತದೆ. ಮೊದಲು ಒಣಗಿದ್ದಾಗಲೇ ಸಗಣಿ ಬಾಚಿ, ಆಮೇಲೆ ನೀರು. ಗಂಜಲ ಬೆರೆತ ಆ ನೀರು ಬೇರೆ ಗುಂಡಿಗೆ ಹೋಗಲಿ. ಅಲ್ಲಿಂದ ಹುಲ್ಲಿನ ತಾಕಿಗೆ ಬಿಟ್ಟರೆ ನೇಪಿಯರ್ ಹೇಗೆ ಏಳುತ್ತದೆ ನೋಡಿ. ಫಿನಾಯಿಲ್ ಹಾಕಿದ ದಿನದ ನೀರನ್ನು ಮಾತ್ರ ಬೇರೆ ಕಡೆ ತಿರುಗಿಸಿ.

ನಿವೃತ್ತ ಪಶುವೈದ್ಯ:

ಒಂದು ಸೇರಿಸುತ್ತೇನೆ. ಹೊಸ ಕೊಟ್ಟಿಗೆಯಲ್ಲಿ ರಬ್ಬರ್ ಮ್ಯಾಟ್ ಹಾಕುತ್ತೀರಿ ಎಂದುಕೊಳ್ಳುತ್ತೇನೆ. ಆಗಾಗ ಅದನ್ನು ಎತ್ತಿ ಕೆಳಗೆ ನೋಡಿ. ಮೇಲೆ ಒಣಗಿರುತ್ತದೆ, ಅಡಿಯಲ್ಲಿ ಗಂಜಲ ನಿಂತು ಹುಳಿತಿರುತ್ತದೆ. ಕೆಚ್ಚಲು ಬಾವು ಬರುವುದು ಇಂಥ ಕಡೆಯಿಂದ. ಹಾಲು ಕರೆದ ಮೇಲೆ ಮೊಲೆತೊಟ್ಟಿನ ರಂಧ್ರ ಮುಚ್ಚಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟು ಹೊತ್ತು ಹಸು ಮಲಗದಂತೆ ಗೋದಲಿಗೆ ಮೇವು ಹಾಕಿಬಿಡಿ. ಆಂಟಿಬಯಾಟಿಕ್ ಕೊಡುತ್ತಿರುವ ಹಸುವಿನ ಸಗಣಿಯನ್ನು ಆ ದಿನಗಳಲ್ಲಿ ಘಟಕಕ್ಕೆ ಹಾಕಬೇಡಿ.

ಇನ್ನೊಂದು, ಇದನ್ನು ಮನೆಯ ಎಲ್ಲರಿಗೂ ಓದಿ ಹೇಳಿ: ಘಟಕ ಕಟ್ಟಿಕೊಂಡಿತು, ಏನೋ ಒಳಗೆ ಬಿತ್ತು ಎಂದು ಯಾರೂ ತೊಟ್ಟಿಗೆ ಇಳಿಯಕೂಡದು. ಒಳಗೆ ಉಸಿರಾಟಕ್ಕೆ ಗಾಳಿ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಮೊದಲು ಬರುತ್ತದೆ, ವಿಷ ಹೆಚ್ಚಾದರೆ ಮೂಗಿಗೆ ಅದು ತಿಳಿಯುವುದೇ ಇಲ್ಲ. ಒಬ್ಬರು ಬಿದ್ದರೆಂದು ಎತ್ತಲು ಇಳಿದ ಇನ್ನೊಬ್ಬರೂ ಅಲ್ಲೇ ಉಳಿಯುತ್ತಾರೆ. ಬಗ್ಗಡ ಹೊರಬರುವ ಬಾಯಿಗೂ ಕಲ್ಲು ಚಪ್ಪಡಿ ಮುಚ್ಚಿಸಿ. ಎದುರು ಮನೆಯ ಮಗು ಇನ್ನು ಸ್ವಲ್ಪ ದಿನಕ್ಕೆ ಓಡಾಡಲು ಶುರುಮಾಡುತ್ತದೆ.

ಚಿಂತಾಮಣಿಯ ಹೈನುಗಾರ:

ಎಲ್ಲರಿಗೂ ನಮಸ್ಕಾರ. ಮೂರು ಘನ ಮೀಟರಿನದ್ದೇ, ಚರಂಡಿ ಬೇರೆ, ಚಪ್ಪಡಿ ಖಂಡಿತ. ಜಾಗ ಎಲ್ಲಿ ಎಂಬುದೊಂದೇ ಉಳಿದಿದೆ. ಹುಣಸೆ ಮರದ ನೆರಳಿನಲ್ಲಿ ಆಗಬಹುದೇ? ಅಲ್ಲಿ ಅಡುಗೆಮನೆ ಹತ್ತಿರ.

ಶಿರಸಿಯ ಗೃಹಿಣಿ:

ಮರದ ಹತ್ತಿರ ಬೇಡ. ಬೇರು ಗುಮ್ಮಟವನ್ನು ಸೀಳುತ್ತದೆ, ನೆರಳಿನಲ್ಲಿ ತೊಟ್ಟಿ ತಣ್ಣಗಾಗುತ್ತದೆ. ಬಿಸಿಲು ಬೀಳುವ ಜಾಗ ಹುಡುಕಿ, ಕುಡಿಯುವ ನೀರಿನ ಬಾವಿಯಿಂದ 15 ಮೀಟರ್ ಆಚೆ ಇರಲಿ. ಕೊಟ್ಟಿಗೆಗೆ ಹತ್ತಿರವಿದ್ದರೆ ಒಳ್ಳೆಯದು, ಏಕೆಂದರೆ ಪೈಪಿನಲ್ಲಿ ಅನಿಲ ತಾನೇ ಬರುತ್ತದೆ, ಸಗಣಿಯನ್ನು ಮಾತ್ರ ನಿಮ್ಮ ಮನೆಯ ಹೆಂಗಸರು ಹೊರಬೇಕು. ಪೈಪ್ ತಗ್ಗಿದ ಕಡೆ ನೀರು ನಿಲ್ಲುತ್ತದೆ, ಅಲ್ಲೊಂದು ನಲ್ಲಿ ಇಡಿಸಿ. ಉರಿ ಕುಣಿಯತೊಡಗಿದರೆ ಅದನ್ನು ತಿರುಗಿಸಿ ನೀರು ಬಿಡಬೇಕು.

ಮೊದಲ ಸಲ ತುಂಬುವಾಗ ಚೆನ್ನಾಗಿ ನಡೆಯುತ್ತಿರುವ ಘಟಕದಿಂದ ಒಂದಷ್ಟು ಬಗ್ಗಡ ತಂದು ಬೆರೆಸಿ. ಮೊದಲು ಬರುವ ಅನಿಲ ಹತ್ತಿಕೊಳ್ಳುವುದಿಲ್ಲ, ಹೊರಗೆ ಬಿಟ್ಟುಬಿಡಿ, ಹತ್ತಿರ ಬೆಂಕಿ ಇರಬಾರದು. ಡಿಸೆಂಬರ್, ಜನವರಿಯಲ್ಲಿ ನಿಮ್ಮ ಕಡೆ ಚಳಿ ಹೆಚ್ಚು, ಅನಿಲ ಕಡಿಮೆಯಾಗುತ್ತದೆ. ಬೆಳಿಗ್ಗೆ ತಣ್ಣೀರಲ್ಲಿ ಕಲಸುವ ಬದಲು ನೀರನ್ನು ಕಪ್ಪು ಡ್ರಮ್ಮಿನಲ್ಲಿ ಬಿಸಿಲಿಗಿಟ್ಟು ಮಧ್ಯಾಹ್ನ ಕಲಸಿ.