ದನಿ ಒಡೆಯುವುದು: ಹುಡುಗಿಯರಿಗೂ ಈ ಮಾತು ಸಲ್ಲುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಡಿಸೆಂಬರ್ ಸಂಚಿಕೆಯೊಂದಕ್ಕೆ ಅಮೆರಿಕದ ಗಾಯಕಿ ಜಾಕಿ ಇವಾಂಕೊ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಅರ್ಧ ಮುಗಿದಿದೆ. ಉಳಿದರ್ಧ ಒಂದೇ ಒಂದು ಕ್ರಿಯಾಪದಕ್ಕೆ ಕಾದು ಕೂತಿದೆ. ಅದಕ್ಕೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ಈ ಹುಡುಗಿ ಹುಟ್ಟಿದ್ದು 2000ದಲ್ಲಿ, ಪಿಟ್ಸ್‌ಬರ್ಗ್ ಕಡೆ. 2010ರಲ್ಲಿ ಟೀವಿಯ ಪ್ರತಿಭಾ ಸ್ಪರ್ಧೆಯೊಂದರಲ್ಲಿ ಒಪೆರಾ ಹಾಡು ಹಾಡಿ ಎರಡನೇ ಸ್ಥಾನ ಪಡೆದಳು. ಆಗ ಅವಳಿಗೆ ಹತ್ತು ವರ್ಷ. ಅದೇ ನವೆಂಬರಿನಲ್ಲಿ ನಾಲ್ಕೇ ಹಾಡುಗಳ ಒಂದು ಪುಟ್ಟ ಕ್ರಿಸ್ಮಸ್ ಆಲ್ಬಮ್ ಬಂತು, ಹೆಸರು ‘ಓ ಹೋಲಿ ನೈಟ್’. ಅಮೆರಿಕದಲ್ಲಿ ಹೆಚ್ಚು ಮಾರಾಟವಾಗುವ ಆಲ್ಬಮ್‌ಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಅದು ನೇರವಾಗಿ ಎರಡನೇ ಸ್ಥಾನಕ್ಕೆ ಹೋಗಿ ಕೂತಿತು. 2011ರಲ್ಲಿ ಇನ್ನೊಂದು ಕ್ರಿಸ್ಮಸ್ ಆಲ್ಬಮ್. ಆಮೇಲೆ 2016ರಲ್ಲಿ, ಅವಳಿಗೆ ಹದಿನಾರು ತುಂಬಿದ ವರ್ಷ, ಮತ್ತೊಂದು. ಅಂದರೆ ಒಂದೇ ಗಂಟಲು, ಒಂದೇ ಹಬ್ಬ, ಆದರೆ ನಡುವೆ ಆರು ವರ್ಷ. ಹೆಣ್ಣುಮಗಳ ದನಿ ಹೇಗೆ ಬದಲಾಗುತ್ತದೆ ಅಂತ ಕೇಳಿ ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದು ಕಷ್ಟ.

ಹತ್ತು ವರ್ಷದವಳ ಹಾಡಿನಲ್ಲಿ ಒಂದು ತಮಾಷೆ ಇದೆ. ಅದು ಮಗುವಿನ ದನಿಯ ಹಾಗೆ ಕೇಳುವುದೇ ಇಲ್ಲ. ದೊಡ್ಡವರ ಹಾಗೆ ದನಿಯನ್ನು ಅಲುಗಿಸಿ, ಉಬ್ಬಿಸಿ ಹಾಡುತ್ತಾಳೆ. ವಿಡಿಯೋ ನೋಡಿದರೆ ದೀರ್ಘ ಸ್ವರ ಹಿಡಿದಾಗ ಅವಳ ಗದ್ದವೂ ಜೊತೆಗೆ ನಡುಗುವುದು ಕಾಣುತ್ತದೆ. ಹಾಡು ಕಲಿಸುವ ಕೆಲವರು ಆಗಲೇ ಇದನ್ನು ನೋಡಿ ಗೊಣಗಿದ್ದರು: ಇಷ್ಟು ಎಳೆ ಗಂಟಲಿಗೆ ಇಷ್ಟು ಭಾರ ಬೇಕಿತ್ತಾ ಅಂತ. ಹದಿನಾರರ ದನಿಯಲ್ಲಿ ಕೆಳಗಿನ ಸ್ವರಗಳಿಗೆ ಮೈ ಬಂದಿದೆ. ನಡುವೆ ಸ್ವಲ್ಪ ಉಸಿರು ಬೆರೆತಿದೆ. ಮೇಲಿನ ಸ್ವರಗಳು ಇನ್ನೂ ಇವೆ, ಆದರೆ ಮೊದಲಿನ ಹಾಗೆ ಚಿಮ್ಮುವುದಿಲ್ಲ, ನೋಡಿಕೊಂಡು ಹತ್ತುತ್ತವೆ. ಚೆನ್ನಾಗಿಲ್ಲ ಅಂತಲ್ಲ. ನನಗಂತೂ ಎರಡನೆಯದೇ ಇಷ್ಟ. ಮೊದಲನೆಯದನ್ನು ಕೇಳುವಾಗ ಬೆರಗು ಜಾಸ್ತಿ, ಹಾಡು ಕಮ್ಮಿ.

ಈಗ ಪ್ರಶ್ನೆ. ಈ ಬದಲಾವಣೆಗೆ ಏನನ್ನಬೇಕು?

ಹುಡುಗರಾದರೆ ತಕರಾರೇ ಇಲ್ಲ. ‘ಗಂಟಲು ಒಡೆದಿದೆ’, ‘ದನಿ ಒಡೆಯುವ ವಯಸ್ಸು’ ಅಂತ ಎಲ್ಲರೂ ಹೇಳುತ್ತೇವೆ. ಧಾರವಾಡದ ಕಡೆ ‘ದನಿ ಒಡದೈತಿ’. ಮಂಗಳೂರಿನ ಕಡೆ ದನಿಗೆ ‘ಸ್ವರ’ ಅನ್ನುವುದೇ ರೂಢಿ, ಹಾಗಾಗಿ ಅಲ್ಲಿ ‘ಸ್ವರ ಒಡೆದಿದೆ’. ಶೀತ ಆಗಿ ಹೋದರೆ ಅದು ಬೇರೆ: ಗಂಟಲು ಕಟ್ಟಿದೆ, ಗಂಟಲು ಕೂತಿದೆ, ಸ್ವರ ಬಿದ್ದಿದೆ. ಕಟ್ಟಿದ್ದು ಬಿಡುತ್ತದೆ, ಬಿದ್ದದ್ದು ಏಳುತ್ತದೆ. ಒಡೆದದ್ದು ಮಾತ್ರ ಮೊದಲಿನಂತಾಗುವುದಿಲ್ಲ. ಮಾತಿನಲ್ಲಿ ಈ ಗೆರೆ ಎಷ್ಟು ಖಚಿತವಾಗಿದೆ ನೋಡಿ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ.

ಹುಡುಗರಲ್ಲಿ ಆಗುವುದೂ ಹಾಗೇ. ಧ್ವನಿಪೆಟ್ಟಿಗೆ ಬೇಗ ಬೇಗ ಬೆಳೆಯುತ್ತದೆ, ಒಳಗಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ, ದನಿ ಹೆಚ್ಚುಕಮ್ಮಿ ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕೆಳಗಿಳಿಯುತ್ತದೆ. ಇಳಿಯುವಾಗ ಸುಮ್ನೆ ಇಳಿಯುವುದಿಲ್ಲ. ಒಂದು ಪದ ಕೀರಲು, ಮುಂದಿನದು ಗೊಗ್ಗರು. ಹುಡುಗಿಯರಲ್ಲೂ ತಂತುಗಳು ಬೆಳೆಯುತ್ತವೆ, ಆದರೆ ದನಿ ಇಳಿಯುವುದು ಎರಡು ಮೂರು ಸ್ವರಗಳಷ್ಟು ಮಾತ್ರ. ಮನೆಯವರಿಗೆ ಗೊತ್ತಾಗುವುದೇ ಇಲ್ಲ. ಹಾಡುವವಳಿಗೆ ಮಾತ್ರ ಗೊತ್ತಾಗುತ್ತದೆ, ಅವಳಿಗೆ ಕಲಿಸುವವರಿಗೆ ಗೊತ್ತಾಗುತ್ತದೆ.

ಹಾಗಾದರೆ ‘ಇವಾಂಕೊ ದನಿ ಒಡೆಯಿತು’ ಅಂತ ಬರೆದರೆ ಓದುಗರು ಏನು ಅಂದುಕೊಳ್ಳುತ್ತಾರೆ? ನನ್ನ ಊಹೆ: ದನಿ ಕೆಟ್ಟಿತು, ಹಾಡು ನಿಂತಿತು ಅಂತ. ಸಂಪಾದಕರೂ ಅದನ್ನೇ ಹೇಳಿದರು. ಅವರು ಸೂಚಿಸಿದ ಪದ ‘ಸ್ವರಭಂಗ’. ಅದು ನನಗೆ ಒಗ್ಗಲಿಲ್ಲ. ಸ್ವರಭಂಗ, ಸ್ವರಭೇದ ಎರಡಕ್ಕೂ ಆಗಲೇ ಬೇರೆ ಕೆಲಸ ಇದೆ. ನಾಟ್ಯಶಾಸ್ತ್ರದ ಎಂಟು ಸಾತ್ವಿಕ ಭಾವಗಳಲ್ಲಿ ಅದೊಂದು: ಭಯಕ್ಕೋ ಸಂತೋಷಕ್ಕೋ ಮಾತು ಗದ್ಗದವಾಗುವುದು. ಆಯುರ್ವೇದದಲ್ಲಿ ಸ್ವರಭೇದ ಅಂದರೆ ಗಂಟಲಿನ ಕಾಯಿಲೆ. ಬೆಳೆಯುವ ಹುಡುಗಿಗೆ ಕಾಯಿಲೆಯ ಹೆಸರಿಡುವುದು ಯಾಕೆ?

ಇನ್ನು ‘ಒಡೆ’ ಎಂಬುದನ್ನೇ ಕೊಂಚ ತಿರುಗಿಸಿ ನೋಡೋಣ. ಮಡಕೆ ಒಡೆಯಿತು, ಹಾಲು ಒಡೆಯಿತು, ಮನೆ ಒಡೆಯಿತು: ಎಲ್ಲ ನಷ್ಟದ ಲೆಕ್ಕ. ಆದರೆ ಮೊಳಕೆ ಒಡೆಯಿತು, ಚಿಗುರು ಒಡೆಯಿತು, ಕವಲು ಒಡೆಯಿತು ಅಂದಾಗ? ಅಲ್ಲಿ ಹೊಸದು ಹೊರಗೆ ಬರುತ್ತಿದೆ. ಎರಡೂ ಒಂದೇ ಕ್ರಿಯಾಪದ. ದನಿಯ ‘ಒಡೆ’ ಯಾವ ಗುಂಪಿಗೆ ಸೇರಿದ್ದು? ಹಾಲಿನ ಗುಂಪಿಗೋ, ಚಿಗುರಿನ ಗುಂಪಿಗೋ? ವ್ಯಾಕರಣ ಹಿಡಿದು ನೋಡಿದರೆ ‘ದನಿ ಒಡೆಯಿತು’ ಹಾಲಿನ ಹಾಗೇ ಇದೆ: ಇದ್ದದ್ದೇ ಒಡೆಯಿತು. ಚಿಗುರಿನದು ಹಾಗಲ್ಲ, ಗಿಡ ಚಿಗುರೊಡೆಯುತ್ತದೆ. ‘ಹುಡುಗ ದನಿಯೊಡೆದ’ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಆದರೂ ‘ಮಗನ ಗಂಟಲು ಒಡೆದಿದೆ’ ಅನ್ನುವ ತಾಯಿಯ ಮಾತಿನಲ್ಲಿ ದುಃಖಕ್ಕಿಂತ ಹೆಮ್ಮೆಯೇ ಜಾಸ್ತಿ ಇರುತ್ತದೆ. ಮೀಸೆ ಚಿಗುರುವ ಜೊತೆಗೇ ಅದೂ ಬರುವುದು. ರೂಪ ಹಾಲಿನದು, ಭಾವ ಚಿಗುರಿನದು. ನನಗೆ ಹೀಗೆ ಕಾಣುತ್ತದೆ. ತಿಳಿದವರು ತಿದ್ದಬೇಕು.

ಯುರೋಪಿನವರೂ ಒಡೆಯುವ ಮಾತನ್ನೇ ಆಡುತ್ತಾರೆ. ಆದರೆ ಅಲ್ಲಿ ಅದರ ಪೆಟ್ಟು ಜೋರು. ಚರ್ಚಿನ ಹುಡುಗರ ಮೇಳದಲ್ಲಿ ಹಾಡುವವನಿಗೆ ದನಿ ಒಡೆದರೆ ಕೆಲಸವೇ ಹೋಯಿತು. ಮುಂದೆ ದೊಡ್ಡ ಸಂಗೀತ ಸಂಯೋಜಕನಾದ ಹೈಡನ್ ಹುಡುಗನಾಗಿದ್ದಾಗ ವಿಯೆನ್ನಾದ ಸೇಂಟ್ ಸ್ಟೀಫನ್ಸ್ ಚರ್ಚಿನಲ್ಲಿ ಹಾಡುತ್ತಿದ್ದ. ದನಿ ಒಡೆದ ಮೇಲೆ ಅವನು ಕೋಳಿ ಹಾಗೆ ಕೂಗುತ್ತಾನೆ ಅಂತ ಸಾಮ್ರಾಜ್ಞಿ ಮರಿಯಾ ತೆರೇಸಾ ಹೇಳಿದಳೆಂದು ಅವನ ಜೀವನಚರಿತ್ರೆಗಳಲ್ಲಿ ಬರುತ್ತದೆ. ಕೊನೆಗೆ ಅವನನ್ನು ಹೊರಗೆ ಹಾಕಿದರು. ಇನ್ನೊಬ್ಬ ಸಂಯೋಜಕ ಶೂಬರ್ಟ್ ಇನ್ನೂ ಚೂಟಿ. ತಾನು ಹಾಡುತ್ತಿದ್ದ ಸ್ವರಹಾಳೆಯ ಮೇಲೆ ತಾನೇ ಬರೆದಿಟ್ಟ: ಶೂಬರ್ಟ್ ಕೊನೆಯ ಸಲ ಕೂಗಿದ್ದು 1812ರ ಜುಲೈ 26ರಂದು. ಅವನು ಬಳಸಿದ್ದೂ ಹುಂಜದ ಕೂಗಿನ ಪದವನ್ನೇ.

ಕ್ರಿಸ್ಮಸ್ ಹಾಡಿಗೂ ಒಡೆದ ದನಿಗೂ ಬ್ರಿಟನ್ನಿನಲ್ಲಿ ಇನ್ನೊಂದು ನಂಟಿದೆ. 1982ರಲ್ಲಿ ಹಿಮದಲ್ಲಿ ಮಾಡಿದ ಬೊಂಬೆಯ ಕುರಿತ ಒಂದು ಮಕ್ಕಳ ಕಾರ್ಟೂನ್ ಚಿತ್ರ ಟೀವಿಯಲ್ಲಿ ಬಂತು. ಅದರಲ್ಲಿ ಆಕಾಶದಲ್ಲಿ ತೇಲುವ ಹಾಡನ್ನು ಹಾಡಿದವನು ಪೀಟರ್ ಆಟಿ ಅನ್ನುವ ಚರ್ಚಿನ ಹುಡುಗ. ಮೂರು ವರ್ಷ ಬಿಟ್ಟು ಒಂದು ಜಾಹೀರಾತಿಗೆ ಅದೇ ಹಾಡು ಬೇಕಾಯಿತು. ಅಷ್ಟರಲ್ಲಿ ಆಟಿಯ ದನಿ ಒಡೆದಿತ್ತು. ವೇಲ್ಸಿನ ಹುಡುಗ ಅಲೆಡ್ ಜೋನ್ಸ್ ಹಾಡಿದ. ಅವನ ರೆಕಾರ್ಡು 1985ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ ಐದನೇ ಸ್ಥಾನಕ್ಕೆ ಬಂತು. ಚಿತ್ರದಲ್ಲಿ ಹಾಡಿದ್ದೂ ಅವನೇ ಅಂತ ಇವತ್ತಿಗೂ ನಂಬಿದವರಿದ್ದಾರೆ. ಪಾಪ ಆಟಿ! ಜೋನ್ಸ್ ದನಿಯೂ ಹದಿನಾರರ ಹೊತ್ತಿಗೆ ಒಡೆಯಿತು. ಈಗ ಅವನು ಬ್ಯಾರಿಟೋನ್, ಅಂದರೆ ನಡುಮಟ್ಟದ ಗಂಡುದನಿಯವನು. 2016ರ ಕ್ರಿಸ್ಮಸ್ ಆಲ್ಬಮ್ಮಿನಲ್ಲಿ ತನ್ನ ಬಾಲ್ಯದ ದನಿಯ ಜೊತೆ ತಾನೇ ಯುಗಳ ಹಾಡಿದ್ದಾನೆ. ಇವಾಂಕೊ ಹದಿನಾರರಲ್ಲಿ ಆಲ್ಬಮ್ ತಂದದ್ದೂ ಅದೇ ವರ್ಷ. ಜೋನ್ಸ್ ಬಗ್ಗೆ ಕನ್ನಡದಲ್ಲಿ ಬರೆಯುವುದು ಸಲೀಸು. ‘ಒಡೆದ ದನಿ ಒಡೆಯದ ದನಿಯ ಜೊತೆ ಹಾಡಿತು’ ಅಂದರೆ ಮುಗಿಯಿತು. ಇವಾಂಕೊ ವಿಷಯಕ್ಕೆ ಬಂದಾಗಲೇ ಪೆನ್ನು ನಿಲ್ಲುವುದು.

ನಮ್ಮಲ್ಲಿ ಪೆಟ್ಟು ಅಷ್ಟು ಜೋರಾಗಿ ಬೀಳದಿರಲು ಒಂದು ಕಾರಣ ಶ್ರುತಿ, ಅಂದರೆ ಹಾಡುವವರು ತಮ್ಮ ದನಿಗೆ ತಕ್ಕಂತೆ ಆರಿಸಿಕೊಳ್ಳುವ ಆಧಾರಸ್ವರದ ಎತ್ತರ. ಅದನ್ನು ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. ಐದು ಮನೆಯಲ್ಲಿ ಹಾಡುತ್ತಿದ್ದ ಹುಡುಗ ದನಿ ಒಡೆದ ಮೇಲೆ ಒಂದು ಮನೆಗೋ ಒಂದೂವರೆಗೋ ಇಳಿಯುತ್ತಾನೆ. ಹುಡುಗಿ ಐದೂವರೆಯಿಂದ ಐದಕ್ಕೆ ಇಳಿದರೆ ಸಭೆಗೆ ಗೊತ್ತೂ ಆಗುವುದಿಲ್ಲ. ಷಡ್ಜವೇ (ಆ ಆಧಾರಸ್ವರ ‘ಸ’) ಹಾಡುವವರ ಹಿಂದೆ ಹೋಗುತ್ತದೆ, ರಾಗ ಅದೇ, ಕೃತಿ ಅದೇ. ಚರ್ಚಿನ ಮೇಳದಲ್ಲಿ ನಾಲ್ಕು ಬಗೆಯ ದನಿಗಳಿಗೆ ಪಾಲು ಹಂಚಿದ ಹಾಡು ಬರೆದ ಎತ್ತರದಲ್ಲೇ ನಿಲ್ಲುತ್ತದೆ. ದನಿ ಇಳಿದವನು ಬೇರೆ ಪಾಲಿಗೆ ಹೋಗಬೇಕು, ಇಲ್ಲವೇ ಮನೆಗೆ ಹೋಗಬೇಕು.

ಇದೇ ಕಾರಣಕ್ಕೆ ಇನ್ನೊಂದು ಪದವನ್ನೂ ಬೇಡ ಅನ್ನುತ್ತೇನೆ. ಸೊಪ್ರಾನೊಗೆ ‘ತಾರಸ್ಥಾಯಿ ಗಾಯಕಿ’ ಅಂತ ಬರೆಯುವವರನ್ನು ನೋಡಿದ್ದೇನೆ. ತಾರಸ್ಥಾಯಿ ಅನ್ನುವುದು ಅವರವರ ಷಡ್ಜದಿಂದ ಎಣಿಸಿದ ಮೇಲಿನ ಸ್ಥಾಯಿ. ದಪ್ಪ ದನಿಯ ಗಂಡಸಿಗೂ ತಾರಸ್ಥಾಯಿ ಇದೆ. ಸೊಪ್ರಾನೊ ಹಾಗಲ್ಲ, ಅದು ಒಂದು ಬಗೆಯ ದನಿಗೇ ಹೆಸರು. ಸೊಪ್ರಾನೊ ಅಂತಲೇ ಇಟ್ಟು, ಒಂದು ಸಲ ‘ಹೆಂಗಸರಲ್ಲಿ ಎಲ್ಲಕ್ಕಿಂತ ಮೇಲಿನ ದನಿ’ ಅಂತ ಬಿಡಿಸಿ ಹೇಳಿದರೆ ಸಾಕು. ಕ್ಯಾರಲ್‌ಗಂತೂ, ಅಂದರೆ ಕ್ರಿಸ್ಮಸ್ ಹಾಡಿಗೆ, ಪದ ಹುಡುಕುವ ಕೆಲಸವೇ ಇಲ್ಲ. ನಮ್ಮ ಕ್ರೈಸ್ತರ ಮನೆಗಳಲ್ಲಿ ಕ್ಯಾರಲ್ಸ್ ಅಂದರೆ ಕ್ಯಾರಲ್ಸೇ.

ಮತ್ತೆ ನಮ್ಮ ಹುಡುಗಿಗೆ ಬರುತ್ತೇನೆ. ನನ್ನ ಕೈಯಲ್ಲಿರುವ ಪದಗಳು ಇವು. ‘ದನಿ ಬಲಿಯಿತು’: ಕಾಯಿ ಬಲಿತ ಹಾಗೆ, ಅರ್ಥ ಸರಿ, ಆದರೆ ಕೆಲವರಿಗೆ ಬಲಿತದ್ದು ಅಂದರೆ ಗಡಸು, ಎಳಸುತನ ಹೋದದ್ದು. ‘ಮಾಗಿತು’ ಅಂದರೆ ನಲವತ್ತು ದಾಟಿದ ಗಾಯಕಿಯ ನೆನಪಾಗುತ್ತದೆ, ಹದಿನಾರಕ್ಕೆ ಅದು ಹೊಗಳಿಕೆ ಜಾಸ್ತಿ ಆಯಿತು. ‘ಇಳಿಯಿತು’ ಅಂದರೆ ಶ್ರುತಿ ತಪ್ಪಿತು ಅನ್ನಿಸುತ್ತದೆ. ‘ತಿರುಗಿತು’ ನನಗೆ ಇಷ್ಟವಾಯಿತು. ಆದರೆ ದನಿಗೆ ಅದನ್ನು ಯಾರಾದರೂ ಬಳಸುತ್ತಾರಾ, ಅಥವಾ ನಾನೇ ಕಟ್ಟಿಕೊಂಡಿದ್ದೇನಾ? ಸದ್ಯಕ್ಕೆ ಕರಡಿನಲ್ಲಿ ಹೀಗೆ ಬರೆದಿದ್ದೇನೆ: ‘ಹತ್ತರಲ್ಲಿ ಎಳೆಯದಾಗಿದ್ದ ದನಿ ಹದಿನಾರಕ್ಕೆ ಬಲಿತಿತ್ತು.’ ಸಪ್ಪೆ, ಆದರೆ ಸುಳ್ಳಲ್ಲ.

ಮತ್ತೆ ‘ಶಾರೀರ’. ಸಂಗೀತದವರು ‘ಒಳ್ಳೆ ಶಾರೀರ’, ‘ಶಾರೀರ ಕೆಟ್ಟಿದೆ’ ಅನ್ನುವುದನ್ನು ಕೇಳಿದ್ದೇನೆ. ‘ಶಾರೀರ ಒಡೆಯಿತು’ ಅಂತ ಮಾತ್ರ ಕೇಳಿಲ್ಲ. ಒಡೆಯುವುದು ಗಂಟಲು, ದನಿ, ಕಂಠ. ಶಾರೀರ ಯಾಕೆ ಒಡೆಯುವುದಿಲ್ಲ? ಅದು ಬರೀ ದನಿಯಲ್ಲ, ಹಾಡುವ ದನಿಯ ಗುಣ ಅಂತಲೋ? ವಿವರ ಇದ್ದವರು ಬರೆಯಿರಿ.

ಕೊನೆಗೆ, ನಿಮ್ಮಿಂದ ಬೇಕಾದದ್ದು. ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುವವರು ಈ ಬಳಗದಲ್ಲಿ ಕೆಲವರಿದ್ದೀರಿ. ಹನ್ನೆರಡು ಹದಿಮೂರರ ಹುಡುಗಿಗೆ ಮೇಲಿನ ಪಂಚಮ ಸಿಗದೆ ಹೋದಾಗ, ದನಿಯಲ್ಲಿ ಗಾಳಿ ಬೆರೆತಾಗ, ಪಾಠದ ನಡುವೆ ನಿಮ್ಮ ಬಾಯಿಗೆ ಬರುವ ಮಾತು ಯಾವುದು? ಪುಸ್ತಕದ ಪದ ಬೇಡ. ಅವಳ ತಾಯಿಗೆ ಹೊರಗೆ ಜಗುಲಿಯಲ್ಲಿ ಏನು ಹೇಳುತ್ತೀರಿ, ಅದು ಬೇಕು. ಕಂಪನಿ ನಾಟಕದ ಹಿರಿಯರ ಒಡನಾಟ ಇದ್ದವರೂ ಹೇಳಿ: ಸ್ತ್ರೀಪಾತ್ರ ಮಾಡುತ್ತಿದ್ದ ಹುಡುಗನ ದನಿ ಹೋದಾಗ ‘ಒಡೆಯಿತು’ ಅನ್ನುತ್ತಿದ್ದರೋ, ಅವರದೇ ಬೇರೆ ಮಾತಿತ್ತೋ? ಊರಿನ ಹೆಸರು ಸೇರಿಸಿ ಬರೆದರೆ ಇನ್ನೂ ಉಪಕಾರ. ಈ ವಾರದೊಳಗೆ ಬಂದರೆ ಲೇಖನಕ್ಕೆ ಸೇರಿಸುತ್ತೇನೆ. ಆಮೇಲೆ ಬಂದರೂ ಚರ್ಚೆಗೆ ಬೇಕು.