‘ಒಪ್ಪೊತ್ತಿನ ಹೂ’ ಅನ್ನಬಹುದಾ?

ಆರ್ಕಿಡ್ ಬೆಳೆಸುವ ಬಗ್ಗೆ ಗೆಳೆಯರಿಗಾಗಿ ಕನ್ನಡದಲ್ಲಿ ನಾಲ್ಕು ಪುಟ ಬರೆಯುತ್ತಿದ್ದೇನೆ. ಇದ್ದಿಲು, ತೆಂಗಿನ ಸಿಪ್ಪೆ, ಗೊಬ್ಬರದ ನೀರು, ಎಲ್ಲಕ್ಕೂ ಪದ ಸಿಕ್ಕಿತು. ತಡವರಿಸಿದ್ದು ಒಂದೇ ಕಡೆ. ಅರಳಿ ಕೆಲವೇ ಗಂಟೆಗೆ ಮುಗಿದುಹೋಗುವ ಹೂವಿಗೆ ಏನನ್ನಬೇಕು?

ವೆನಿಲ್ಲಾನೇ ತಗೊಳ್ಳಿ, ಅದೂ ಆರ್ಕಿಡ್ ಕುಟುಂಬದ್ದೇ. ಬೆಳಿಗ್ಗೆ ಬಿರಿಯುತ್ತದೆ, ಮಧ್ಯಾಹ್ನ ದಾಟುವಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ. ಅಷ್ಟರೊಳಗೆ ಕಡ್ಡಿಯಲ್ಲಿ ಒಳಗಿನ ತೆಳು ಪೊರೆ ಎತ್ತಿ ಪರಾಗವನ್ನು ಒತ್ತಬೇಕು, ತಪ್ಪಿದರೆ ಆ ಹೂವಿಗೆ ಕೋಡಿಲ್ಲ. (ಈ ಕೈಚಳಕವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಕೊಂಡವನು ಎಡ್ಮಂಡ್ ಅಲ್ಬಿಯಸ್, ಆಗ 12 ವರ್ಷದ ಗುಲಾಮ ಹುಡುಗ.) ಮೊದಲು ‘ಅಲ್ಪಾಯುಷಿ’ ಅಂತ ಬರೆದೆ. ಅಮ್ಮ ಓದಿ ಸಿಡುಕಿದರು, ‘ಅದು ಸತ್ತ ಮಕ್ಕಳಿಗೆ ಅನ್ನೋ ಮಾತು, ಹೂವಿಗೆ ಯಾಕೆ?’ ‘ಕ್ಷಣಿಕ’ ಅಂದರೆ ಪ್ರವಚನದ ವಾಸನೆ. ‘ದಿನದ ಹೂ’ ಅಂದರೆ ದಿನಾ ಪೂಜೆಗೆ ತರುವ ಹೂ ಆಗಿಬಿಡುತ್ತದೆ.

ಕ್ರಿಯಾಪದಕ್ಕೆ ಬರವಿಲ್ಲ. ಹೂ ಮಾರುವವರು ‘ಸೇವಂತಿಗೆ ಮೂರು ದಿನ ತಡೆಯುತ್ತೆ, ಮಲ್ಲಿಗೆ ನಾಳೆಗೆ ತಡೆಯಲ್ಲ’ ಅನ್ನುತ್ತಾರೆ. ಆದರೆ ಅದು ಕಿತ್ತ ಹೂವಿನ ಮಾತು. ಗಿಡದ ಮೇಲಿನದಕ್ಕೆ ನಾವು ಸುಮ್ನೆ ‘ಇರುತ್ತೆ’ ಅಂತೀವಿ, ಅಲ್ವಾ? (‘ಬಾಳಿಕೆ’ ಕೇಳಿದರೆ ನನಗೆ ಚಪ್ಪಲಿ, ಬಕೆಟ್ಟು ನೆನಪಾಗುತ್ತವೆ.) ಇನ್ನೊಂದು ತೊಡಕು, ‘ಹೂ ಎಷ್ಟು ದಿನ ಇರುತ್ತೆ’ ಅಂದರೆ ಕೇಳುತ್ತಿರುವುದು ಒಂದು ಹೂವಿನ ಬಗ್ಗೆಯೋ ಗೊಂಚಲಿನ ಬಗ್ಗೆಯೋ? ನಮ್ಮ ಮಲೆನಾಡಿನ ಆರ್ಕಿಡ್ ಆದ ಸೀತಾಳೆ ದಂಡೆಯಲ್ಲಿ ಈ ಗೊಂದಲವಿಲ್ಲ, ಇಡೀ ದಂಡೆ ಹೆಚ್ಚುಕಡಿಮೆ ಒಟ್ಟಿಗೇ ಅರಳಿ ಎರಡು ವಾರ ನಿಲ್ಲುತ್ತದೆ. ವೆನಿಲ್ಲಾ ಗೊಂಚಲು ದಿನಕ್ಕೆ ಒಂದೋ ಎರಡೋ ಹೂ ಬಿರಿಸುತ್ತಾ ವಾರಗಟ್ಟಲೆ ಹೂ ಬಿಟ್ಟುಕೊಂಡೇ ಇರುತ್ತದೆ, ಆದರೆ ನಿನ್ನೆಯ ಹೂ ಇವತ್ತಿಲ್ಲ.

ಸಿಂಗಪುರದಲ್ಲಿರುವ ಅಕ್ಕ ಇನ್ನೊಂದು ತಂದಿಟ್ಟಳು. ಅಲ್ಲಿ ರಸ್ತೆ ಬದಿಯ ಮರಗಳ ಮೇಲೆ ಬೆಳೆಯುವ ಪಿಜನ್ ಆರ್ಕಿಡ್. ಮೊಗ್ಗು ಸ್ವಲ್ಪ ಬೆಳೆದು ಹಾಗೇ ನಿಂತಿರುತ್ತದೆ, ಜೋರು ಮಳೆ ಬಿದ್ದು ಸೆಕೆ ತಟ್ಟನೆ ಇಳಿಯಿತು ಅಂದರೆ ಸುಮಾರು 9 ದಿನಕ್ಕೆ ಆ ಸುತ್ತಿನ ಗಿಡಗಳೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗೆ ಅರಳುತ್ತವೆ, ಘಮ್ಮೆನ್ನುತ್ತವೆ, ಕತ್ತಲಾಗುವ ಹೊತ್ತಿಗೆ ಮುದುಡುತ್ತವೆ. ‘ಬಾಡಿತು’ ಅಂತ ಇಲ್ಲಿ ಬರೆಯಲು ಮನಸ್ಸಾಗಲಿಲ್ಲ. ಬಾಡುವುದು ನೀರಿಲ್ಲದೆ, ಬಿಸಿಲಿಗೆ, ನಿಧಾನಕ್ಕೆ. ಇದು ಅಂಗಡಿ ಬಾಗಿಲು ಹಾಕಿದ ಹಾಗೆ.

ಕೊನೆಗೆ ಹೊಳೆದದ್ದು ‘ಒಪ್ಪೊತ್ತು’. ಒಪ್ಪೊತ್ತು ಊಟ ಅಂತೀವಲ್ಲ, ಹಾಗೆ ವೆನಿಲ್ಲಾಕ್ಕೆ ‘ಒಪ್ಪೊತ್ತಿನ ಹೂ’. ಕಿವಿಗೆ ಚೆನ್ನಾಗಿದೆ. ಅನುಮಾನ ಏನೆಂದರೆ, ಓದಿದವರಿಗೆ ಶನಿವಾರದ ಉಪವಾಸ ನೆನಪಾದರೆ? ನಿಮ್ಮ ಕಡೆ ಊಟ ಬಿಟ್ಟು ಬೇರೆ ಯಾವುದಕ್ಕಾದರೂ ಒಪ್ಪೊತ್ತು ಅನ್ನುತ್ತಾರಾ? ಪಿಜನ್ ಆರ್ಕಿಡ್‌ಗಂತೂ ಅದು ಸಾಲದು, ಅದು ಹಗಲಿಡೀ ಇರುತ್ತದೆ. ‘ಒಂದು ಹಗಲಿನ ಹೂ’ ಅನ್ನೋಣವೇ?

ವೆನಿಲ್ಲಾ ಬೆಳೆದವರು ಯಾರಾದರೂ ಇದ್ದರೆ ತೋಟದಲ್ಲಿ ಏನನ್ನುತ್ತಿದ್ದಿರಿ ಅಂತ ಹೇಳಿ. ನಮ್ಮಲ್ಲಿ ಕೆಲಸದವರು ಹೆಸರಿನ ಗೋಜಿಗೇ ಹೋಗುತ್ತಿರಲಿಲ್ಲ, ಹನ್ನೊಂದು ಗಂಟೆಗೆ ಬಂದು ‘ಇವತ್ತಿನ ಹೂ ಮುಗೀತು’ ಅನ್ನುತ್ತಿದ್ದರು ಅಷ್ಟೇ.